ಬೇರೆಯಾದ ದಂಪತಿಗೆ ಮಧ್ಯಸ್ಥಿಕೆಯ ತಾರೀಖು ಬಂದಾಗ: ಹೋಗುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ವಿಚ್ಛೇದನ, ಜೀವನಾಂಶ ಅಥವಾ ಮಕ್ಕಳ ಸುಪರ್ದಿಗಾಗಿ ಹುಬ್ಬಳ್ಳಿ, ಧಾರವಾಡ, ಗದಗ ಅಥವಾ ಹಾವೇರಿಯ ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಮೊದಲ ಕೆಲವು ತಾರೀಖುಗಳಲ್ಲೇ ಸಾಮಾನ್ಯವಾಗಿ ಒಂದು ಆದೇಶ ಕೇಳಿಬರುತ್ತದೆ: ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸಲಾಗಿದೆ, ಇಂಥ ದಿನ ಇಬ್ಬರೂ ಮಧ್ಯಸ್ಥಿಕೆ ಕೇಂದ್ರದಲ್ಲಿ ಹಾಜರಿರಬೇಕು. 2025ರ ಜುಲೈ 1ರಿಂದ 90 ದಿನಗಳ ಕಾಲ ದೇಶದಾದ್ಯಂತ ನಡೆದ ‘ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ’ ಅಭಿಯಾನದಲ್ಲಿ ವೈವಾಹಿಕ ವ್ಯಾಜ್ಯಗಳನ್ನೂ ಸೇರಿಸಲಾಗಿತ್ತು. ಹೀಗಾಗಿ ಈ ಪದವನ್ನು ಹಿಂದೆಂದೂ ಕೇಳಿರದ ಅನೇಕ ಮನೆಗಳಲ್ಲಿ ಈಗ ಅದರ ಚರ್ಚೆ ನಡೆದಿದೆ. ‘ಬುದ್ಧಿ ಹೇಳಿ ಮತ್ತೆ ಗಂಡನ ಮನೆಗೆ ಕಳಿಸುತ್ತಾರಂತೆ’ ಎಂದು ಹೆಣ್ಣಿನ ತವರಿನವರು ಅಂಜಿದರೆ, ‘ಅಲ್ಲಿ ಹೋದರೆ ದುಡ್ಡು ಕೊಡಿಸಿಯೇ ಬಿಡುತ್ತಾರೆ’ ಎಂದು ಗಂಡಿನ ಕಡೆಯವರು ಅಂಜುತ್ತಾರೆ. ಎರಡೂ ಅಂಜಿಕೆಗಳಿಗೆ ಆಧಾರವಿಲ್ಲ. ಆದರೆ ಏನೂ ಸಿದ್ಧತೆ ಇಲ್ಲದೆ ಹೋದವರು ಬರಿಗೈಯಲ್ಲಿ ಮರಳುವ ಸಾಧ್ಯತೆ ಮಾತ್ರ ಬಹಳ ಹೆಚ್ಚು. ಆ ಸಿದ್ಧತೆ ಏನು, ಏಕೆ ಬೇಕು, ಅದನ್ನು ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಮೂಲದಿಂದ ನೋಡೋಣ.

ಮಧ್ಯಸ್ಥಿಕೆ ಎಂದರೆ ಏನು

ಮಧ್ಯಸ್ಥಿಕೆ ಎಂದರೆ ತರಬೇತಿ ಪಡೆದ, ಎರಡೂ ಕಡೆಗೆ ಸೇರದ ಒಬ್ಬ ವ್ಯಕ್ತಿಯ ಎದುರು ಗಂಡ ಹೆಂಡತಿ ಕುಳಿತು, ತಮ್ಮ ನಡುವಿನ ಪ್ರಶ್ನೆಗಳಿಗೆ ತಾವೇ ಉತ್ತರ ಕಂಡುಕೊಳ್ಳುವ ವ್ಯವಸ್ಥೆ. ಈ ವ್ಯಕ್ತಿಯನ್ನು ಮಧ್ಯಸ್ಥಿಕೆಗಾರರು ಎನ್ನುತ್ತಾರೆ. ನ್ಯಾಯಾಲಯದ ಕೇಂದ್ರಗಳಲ್ಲಿ ಇವರು ಹೆಚ್ಚಾಗಿ ಅನುಭವಿ ವಕೀಲರಾಗಿರುತ್ತಾರೆ. ಅವರು ತೀರ್ಪು ಕೊಡುವುದಿಲ್ಲ, ಸಾಕ್ಷಿ ಕೇಳುವುದಿಲ್ಲ, ಯಾರದು ತಪ್ಪು ಎಂದು ಹೇಳುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಒಪ್ಪಂದವಾಗುತ್ತದೆ, ಒಬ್ಬರು ಒಲ್ಲೆ ಎಂದರೂ ಅಲ್ಲಿಗೆ ಮುಗಿಯುತ್ತದೆ. ನ್ಯಾಯಾಲಯ ಕಳುಹಿಸಿದ ಮೇಲೆ ಹಾಜರಾಗುವುದು ಕರ್ತವ್ಯ. ಒಪ್ಪಿಕೊಳ್ಳುವುದು ಮಾತ್ರ ಯಾರ ಮೇಲೂ ಹೇರಲಾಗದ ಸ್ವಂತ ನಿರ್ಧಾರ.

ಇದನ್ನು ನಮ್ಮ ಊರುಗಳ ಹಿರಿಯರ ಪಂಚಾಯಿತಿಯೊಂದಿಗೆ ಬೆರೆಸಬಾರದು. ಪಂಚರು ಎರಡೂ ಮನೆಗಳನ್ನು ಬಲ್ಲವರು, ಬೀಗರ ಮರ್ಯಾದೆ ನೋಡಿ ಮಾತಾಡುವವರು, ಕೊನೆಗೆ ‘ಹೀಗೆ ಮಾಡಿರಿ’ ಎಂದು ತೀರ್ಮಾನ ಹೇಳುವವರು. ಲೋಕ ಅದಾಲತ್ತೂ ಬೇರೆ: ಅಲ್ಲಿ ನ್ಯಾಯಾಧೀಶರಿರುವ ಪೀಠದ ಮುಂದೆ, ಹೆಚ್ಚಾಗಿ ಒಂದೇ ದಿನದಲ್ಲಿ, ರಾಜಿಯಾದದ್ದು ಅವಾರ್ಡ್ (ಅಂತಿಮ ತೀರ್ಮಾನ) ಆಗಿ ದಾಖಲಾಗುತ್ತದೆ ಮತ್ತು ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ಮಧ್ಯಸ್ಥಿಕೆಯಲ್ಲಿ ಸಮಯ ಹೆಚ್ಚು ಸಿಗುತ್ತದೆ, ಒಂದಕ್ಕಿಂತ ಹೆಚ್ಚು ಬಾರಿ ಕೂಡಬಹುದು, ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ.

ಮತ್ತೆ ಕೂಡಿ ಬಾಳುವುದು ಮಧ್ಯಸ್ಥಿಕೆಯ ಒಂದು ಫಲವಾಗಿರಬಹುದು, ಆದರೆ ಅದೊಂದೇ ಗುರಿಯಲ್ಲ. ಗೌರವದಿಂದ ಬೇರೆಯಾಗುವುದು, ಮಕ್ಕಳ ವ್ಯವಸ್ಥೆ ಮಾಡುವುದು, ಬಂಗಾರ ಮತ್ತು ಸಾಮಾನು ಹಿಂದಿರುಗಿಸುವುದು, ಒಬ್ಬರ ಮೇಲೊಬ್ಬರು ಹಾಕಿದ ಮೊಕದ್ದಮೆಗಳನ್ನು ಮುಗಿಸಿಕೊಳ್ಳುವುದು ಇವೆಲ್ಲವೂ ಅಲ್ಲಿ ಚರ್ಚೆಗೆ ಬರಬಹುದಾದ ವಿಷಯಗಳು.

ಕಾನೂನು ಇದನ್ನು ಏಕೆ ಮುಂದಿಡುತ್ತದೆ

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮು, ಸಾಧ್ಯವಿರುವ ಕಡೆ ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿ ಮಾಡಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳುಹಿಸುವ ಅಧಿಕಾರ ಕೊಡುತ್ತದೆ. ನಮ್ಮ ರಾಜ್ಯ ಇದಕ್ಕಾಗಿ 2005ರಲ್ಲಿಯೇ ಮಧ್ಯಸ್ಥಿಕೆ ನಿಯಮಗಳನ್ನು ಮಾಡಿಕೊಂಡಿದೆ. ವೈವಾಹಿಕ ವ್ಯಾಜ್ಯಗಳಲ್ಲಿ ಮಧ್ಯಸ್ಥಿಕೆಯನ್ನು ಮೊದಲ ಹಂತದಲ್ಲೇ ಗಂಭೀರವಾಗಿ ಪ್ರಯತ್ನಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಕೆ. ಶ್ರೀನಿವಾಸ ರಾವ್ ಪ್ರಕರಣದಲ್ಲಿ ಹೇಳಿತು.

ಕಾರಣ ಸರಳವಾದದ್ದು. ತೀರ್ಪು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ವಿಚ್ಛೇದನ ಕೊಡಬೇಕೇ, ಬೇಡವೇ? ಆದರೆ ಮಕ್ಕಳಿರುವ ದಂಪತಿ ತೀರ್ಪಿನ ನಂತರವೂ ಶಾಲೆಯ ಶುಲ್ಕ, ಜ್ವರ, ಹಬ್ಬ, ಮುಂದೆ ಮಕ್ಕಳ ಮದುವೆಯವರೆಗೆ ಒಬ್ಬರೊಡನೊಬ್ಬರು ವ್ಯವಹರಿಸಲೇಬೇಕು. ಆ ಚಿಕ್ಕ ಚಿಕ್ಕ ವಿಷಯಗಳನ್ನೆಲ್ಲ ನ್ಯಾಯಾಧೀಶರು ಕುಳಿತು ನಿರ್ಧರಿಸಲಾರರು. ಅವು ಗೊತ್ತಿರುವುದು ಆ ಇಬ್ಬರಿಗೆ ಮಾತ್ರ.

ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನೂ ಮೊದಲೇ ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯ್ದೆ ತನ್ನ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ಜೈನರಿಗೂ ಬೌದ್ಧರಿಗೂ ಸಿಖ್ಖರಿಗೂ ಅದೇ ಕಾಯ್ದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಿಗೆ ನಿಯಮಗಳು ಬೇರೆ. ಈ ಲೇಖನದಲ್ಲಿ ಬರುವ ಕಲಮುಗಳು ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆಗೆ ಸೇರಿದವು. ಸಿದ್ಧತೆಯ ವಿಧಾನ ಮಾತ್ರ ಎಲ್ಲರಿಗೂ ಒಂದೇ.

ಕೋಣೆಯೊಳಗೆ ನಡೆಯುವುದು

ಮೊದಲ ದಿನ ಮಧ್ಯಸ್ಥಿಕೆಗಾರರು ತಮ್ಮ ಪರಿಚಯ ಹೇಳಿ, ನಿಯಮಗಳನ್ನು ವಿವರಿಸುತ್ತಾರೆ. ಬಳಿಕ ಇಬ್ಬರೂ ತಮ್ಮ ಮಾತು ಹೇಳಲು ಅವಕಾಶವಿರುತ್ತದೆ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಅವರು ಪ್ರತಿಯೊಬ್ಬರೊಂದಿಗೂ ಬೇರೆಬೇರೆಯಾಗಿ ಮಾತಾಡಬಹುದು. ಹೀಗೆ ಒಂಟಿಯಾಗಿ ಹೇಳಿದ ಮಾತನ್ನು ನಿಮ್ಮ ಅನುಮತಿಯಿಲ್ಲದೆ ಇನ್ನೊಂದು ಕಡೆಗೆ ಹೇಳುವುದಿಲ್ಲ. ಎದುರಿಗೆ ಹೇಳಲಾಗದ ಮಾತು, ಅಂಜಿಕೆ, ಕೊನೆಗೆ ಎಷ್ಟಕ್ಕೆ ಒಪ್ಪಬಹುದು ಎಂಬ ಲೆಕ್ಕ ಇವನ್ನು ಹೇಳಬೇಕಾದದ್ದು ಈ ಒಂಟಿ ಮಾತುಕತೆಯಲ್ಲಿ. ವಕೀಲರು ಜೊತೆಗಿರಬಹುದು, ಆದರೆ ಮಾತಾಡಬೇಕಾದವರು ನೀವು. ತಂದೆ ತಾಯಿ, ಅಣ್ಣ, ಸೋದರಮಾವ ಬಂದರೂ ಸಾಮಾನ್ಯವಾಗಿ ಅವರು ಹೊರಗೆ ಕೂಡಬೇಕಾಗುತ್ತದೆ. ಅಗತ್ಯವೆನಿಸಿದಾಗ ಮಧ್ಯಸ್ಥಿಕೆಗಾರರೇ ಅವರನ್ನು ಕರೆಯುತ್ತಾರೆ. ಒಬ್ಬರು ಬೆಂಗಳೂರು ಅಥವಾ ಪುಣೆಯಲ್ಲಿ ಕೆಲಸದಲ್ಲಿದ್ದರೆ ವಿಡಿಯೊ ಮೂಲಕ ಕೂಡುವ ಅನುಮತಿಯನ್ನು ಮೊದಲೇ ಕೇಳಬಹುದು.

ಅಲ್ಲಿ ಆಡಿದ ಮಾತು ಗೋಪ್ಯ. ಮಧ್ಯಸ್ಥಿಕೆ ವಿಫಲವಾದರೆ ‘ವಿಫಲವಾಗಿದೆ’ ಎಂದಷ್ಟೇ ನ್ಯಾಯಾಲಯಕ್ಕೆ ತಿಳಿಸಬೇಕು, ಯಾರು ಏನು ಹೇಳಿದರು ಎಂದು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2010ರ ಮೋತಿ ರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ‘ಐದು ಲಕ್ಷಕ್ಕೆ ಒಪ್ಪುತ್ತೇನೆ’ ಎಂದು ಅಲ್ಲಿ ಹೇಳಿದ್ದನ್ನು ನಾಳೆ ವಿಚಾರಣೆಯಲ್ಲಿ ನಿಮ್ಮ ವಿರುದ್ಧ ಎತ್ತುವಂತಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದೂ ಸಲ್ಲದು. ಒಂದು ಸೂಕ್ಷ್ಮ ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಕೌಟುಂಬಿಕ ನ್ಯಾಯಾಲಯ ನೇಮಿಸಿದ ಆಪ್ತಸಮಾಲೋಚಕರು ಮಗುವಿನೊಂದಿಗೆ ಮಾತಾಡಿ ಕೊಡುವ ವರದಿಗೆ ಈ ಗೋಪ್ಯತೆ ಅದೇ ರೀತಿ ಅನ್ವಯಿಸುವುದಿಲ್ಲ. ಮಗುವಿನ ಹಿತ ತಿಳಿಯಲು ನ್ಯಾಯಾಲಯ ಆ ವರದಿಯನ್ನು ನೋಡಬಹುದು ಎಂದು 2019ರ ಪೆರಿ ಕನ್ಸಾಗ್ರಾ ತೀರ್ಪು ಹೇಳುತ್ತದೆ.

ನ್ಯಾಯಾಲಯ ಕಳುಹಿಸಿದ ಪ್ರಕರಣಗಳಲ್ಲಿ ಕೇಂದ್ರದ ಮಧ್ಯಸ್ಥಿಕೆಗಾರರಿಗೆ ಕಕ್ಷಿದಾರರು ಶುಲ್ಕ ಕೊಡಬೇಕಾಗಿಲ್ಲ.

ಮೊದಲ ಸಿದ್ಧತೆ: ದೂರನ್ನು ಬೇಡಿಕೆಯಾಗಿಸುವುದು

ವರ್ಷಗಳ ನೋವು ಹೊತ್ತವರು ಮಧ್ಯಸ್ಥಿಕೆಯಲ್ಲಿ ಮೊದಲು ಹೇಳುವುದು ನಡೆದ ಕಥೆಯನ್ನು. ಅದು ಸಹಜ, ಹೇಳಬೇಕಾದದ್ದೂ ಹೌದು. ಆದರೆ ‘ಅವರು ನನ್ನನ್ನು ಒಂದು ದಿನವೂ ಮನುಷ್ಯಳಂತೆ ನೋಡಲಿಲ್ಲ’ ಎಂಬ ಮಾತಿನ ಮೇಲೆ ಒಪ್ಪಂದ ಬರೆಯಲಾಗುವುದಿಲ್ಲ. ಆ ಮಾತಿನ ಹಿಂದೆ ಈಗ ಬೇಕಾಗಿರುವುದು ಏನು? ಬೇರೆ ಮನೆಯೇ, ವಿಚ್ಛೇದನವೇ, ಇಟ್ಟುಬಂದ ಬಂಗಾರವೇ, ಮಗುವಿನ ಶಾಲೆಯ ಖರ್ಚೇ, ಅಥವಾ ತನ್ನ ಕೆಲಸದ ಸ್ಥಳಕ್ಕೆ ಬಂದು ಗಲಾಟೆ ಮಾಡಬಾರದು ಎಂಬ ಮಾತೇ? ತಾರೀಖಿಗೆ ಒಂದು ವಾರ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಇವನ್ನು ಬರೆಯಿರಿ. ಬರೆದ ಪ್ರತಿಯೊಂದರ ಮುಂದೆ ಇದು ಬೇಕೇ ಬೇಕೇ, ಅಥವಾ ಸಿಕ್ಕರೆ ಒಳ್ಳೆಯದೇ ಎಂದು ಗುರುತು ಹಾಕಿರಿ. ಬೇಕೇ ಬೇಕು ಎಂಬ ಗುರುತು ಎಲ್ಲದಕ್ಕೂ ಬಿದ್ದರೆ, ಇನ್ನೊಂದು ದಿನ ಸಮಾಧಾನದಿಂದ ಮತ್ತೆ ಕೂಡಬೇಕು.

ಇನ್ನೊಂದು ಕೆಲಸ, ಒಲ್ಲದ ಕೆಲಸ: ಎದುರಿನವರು ಏನು ಕೇಳಬಹುದು ಎಂದು ಅವರ ಜಾಗದಲ್ಲಿ ನಿಂತು ಬರೆಯುವುದು. ಕೋಣೆಯೊಳಗೆ ಹಠಾತ್ತನೆ ಒಂದು ಮಾತು ಬಂದಾಗ ಸಿಟ್ಟು ಬರುವುದು ಹೆಚ್ಚಾಗಿ ಅದನ್ನು ನಿರೀಕ್ಷಿಸಿರಲಿಲ್ಲ ಎಂಬ ಕಾರಣಕ್ಕೆ.

ಮಕ್ಕಳ ವಿಷಯ ಮೊದಲು

ಹಣದ ಮಾತಿಗಿಂತ ಮೊದಲು ಮಕ್ಕಳ ಮಾತನ್ನು ಮುಗಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹಣ ಮೊದಲು ಬಂದರೆ ಮಗು ಚೌಕಾಸಿಯ ವಸ್ತುವಾಗಿಬಿಡುತ್ತದೆ. ‘ಮಗುವನ್ನು ತೋರಿಸುತ್ತೇನೆ, ಆದರೆ ಜೀವನಾಂಶ ಇಷ್ಟು ಕೊಡು’, ‘ಜೀವನಾಂಶ ಕೊಡುತ್ತೇನೆ, ಆದರೆ ಮಗ ನನಗೇ’ ಎಂಬಂಥ ಮಾತುಗಳು ಆರಂಭವಾಗುತ್ತವೆ. ಕಾನೂನಿನಲ್ಲಿ ಇವೆರಡೂ ಒಂದಕ್ಕೊಂದು ಕಟ್ಟಿದ ವಿಷಯಗಳಲ್ಲ. ಸುಪರ್ದಿಯ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಮಗುವಿನ ಪೋಷಣೆಯ ಹಕ್ಕು ಮಗುವಿನದು. ತನ್ನ ಬಿಡುಗಡೆಗಾಗಿ ತಾಯಿ ‘ಮಗುವಿಗೂ ಏನೂ ಬೇಡ’ ಎಂದು ಬರೆದುಕೊಟ್ಟರೂ ಆ ಹಕ್ಕು ಹೋಗುವುದಿಲ್ಲ.

ಸಿದ್ಧತೆ ಎಂದರೆ ಮಗುವಿನ ವರ್ಷವನ್ನು ಕಣ್ಣ ಮುಂದೆ ಹರಡಿಕೊಳ್ಳುವುದು. ಒಂದು ಉದಾಹರಣೆ ಊಹಿಸಿಕೊಳ್ಳೋಣ. ತಾಯಿ ಧಾರವಾಡದ ತವರಿನಲ್ಲಿ, ತಂದೆ ಹುಬ್ಬಳ್ಳಿಯಲ್ಲಿ, ಏಳು ವರ್ಷದ ಮಗಳು ಧಾರವಾಡದ ಶಾಲೆಯಲ್ಲಿ. ‘ತಂದೆ ಆಗಾಗ ಮಗಳನ್ನು ಭೇಟಿಯಾಗಬಹುದು’ ಎಂದು ಬರೆದರೆ ಮೊದಲ ತಿಂಗಳಲ್ಲೇ ಜಗಳ, ಏಕೆಂದರೆ ‘ಆಗಾಗ’ ಎಂಬುದು ತಂದೆಗೆ ಪ್ರತಿ ವಾರ, ತಾಯಿಗೆ ಎರಡು ತಿಂಗಳಿಗೊಮ್ಮೆ. ಇದರ ಬದಲು ಹೀಗೆ ಯೋಚಿಸಬೇಕು: ಎರಡನೇ ಮತ್ತು ನಾಲ್ಕನೇ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಂದೆ ಮಗಳನ್ನು ಧಾರವಾಡದ ಜುಬಿಲಿ ಸರ್ಕಲ್ ಬಳಿಯ ಚಿಗರಿ ಬಸ್ ನಿಲ್ದಾಣದಲ್ಲಿ ಕರೆದುಕೊಳ್ಳಬೇಕು, ರವಿವಾರ ಸಂಜೆ ಆರಕ್ಕೆ ಅಲ್ಲಿಯೇ ಮರಳಿ ಒಪ್ಪಿಸಬೇಕು, ಬರಲಾಗದಿದ್ದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸಬೇಕು, ಮಗಳಿಗೆ ಆರಾಮವಿಲ್ಲದೆ ತಪ್ಪಿದ ಭೇಟಿಯನ್ನು ಮುಂದಿನ ವಾರ ಕೊಡಬೇಕು. ಎರಡೂ ಮನೆಗಳ ಬಾಗಿಲ ಬದಲು ಜನರಿರುವ ಬಯಲಿನ ಜಾಗವನ್ನು ಆರಿಸಿಕೊಂಡರೆ ಅತ್ತೆ ಮಾವ, ಅಳಿಯ ಎಂಬ ಹಳೆಯ ಮಾತುಗಳಿಗೆ ಅವಕಾಶ ಕಡಿಮೆಯಾಗುತ್ತದೆ, ಮಗಳ ಎದುರು ಜಗಳವಾಗುವುದು ತಪ್ಪುತ್ತದೆ.

ರಜೆಗಳನ್ನೂ ಹೀಗೆಯೇ ಹಂಚಿಕೊಳ್ಳಬೇಕು: ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆಯಲ್ಲಿ ಯಾವ ವಾರಗಳು ಯಾರಲ್ಲಿ, ದಸರಾ ರಜೆ ಯಾರಲ್ಲಿ. ಹಬ್ಬಗಳು ಚಿಕ್ಕ ವಿಷಯವೆನಿಸಬಹುದು, ಆದರೆ ನಮ್ಮ ಭಾಗದಲ್ಲಿ ನಾಗರ ಪಂಚಮಿಯ ಜೋಕಾಲಿ, ಉಂಡಿ ಎಲ್ಲವೂ ತಾಯಿಯ ತವರಿಗೆ ಕಟ್ಟಿದ ನೆನಪುಗಳು; ಊರ ಜಾತ್ರೆ, ದೀಪಾವಳಿ ತಂದೆಯ ಮನೆಗೆ ಕಟ್ಟಿದವು. ಮೊದಲೇ ಮಾತಾಗಿದ್ದರೆ ಮಗುವಿಗೆ ಎರಡೂ ಉಳಿಯುತ್ತವೆ. ಕೂಸಿನ ಜವಳ ಯಾರ ಮನೆದೇವರ ಎದುರು ತೆಗೆಯಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ಆದ ಮಾತೆಲ್ಲ ಮುರಿದುಬೀಳುವುದುಂಟು. ಅಂಥದ್ದು ಮನೆಯಲ್ಲಿದೆ ಎಂದು ಗೊತ್ತಿದ್ದರೆ ಅದನ್ನು ಮುಚ್ಚಿಡದೆ ಪಟ್ಟಿಗೆ ಸೇರಿಸಬೇಕು.

ಇವುಗಳ ಜೊತೆಗೆ ಕಾಗದಗಳ ಪ್ರಶ್ನೆಯೂ ಇದೆ. ಮಗುವಿನ ಆಧಾರ್, ಜನನ ಪ್ರಮಾಣಪತ್ರ ಯಾರ ಬಳಿ? ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ತಂದೆಯ ದಾಖಲೆ ಬೇಕಾದಾಗ ಎಷ್ಟು ದಿನದೊಳಗೆ ಕೊಡಬೇಕು? ಶಾಲೆ ಬದಲಿಸಬೇಕಾದರೆ ಇಬ್ಬರ ಒಪ್ಪಿಗೆ ಬೇಕೇ? ಹೆಂಡತಿಯ ಮತ್ತು ಮಕ್ಕಳ ಹೆಸರು ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲಿದ್ದರೆ ಅದನ್ನು ಯಾವಾಗ ತೆಗೆಸಬೇಕು? ಆ ಹೆಸರು ಅಲ್ಲಿರುವವರೆಗೆ ಆಕೆಗೆ ಬೇರೆ ಕಾರ್ಡು ಸಿಗುವುದು ಕಷ್ಟ, ಮತ್ತು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿಯೆಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ಸಿಗುವ ಗೃಹಲಕ್ಷ್ಮಿಯಂಥ ಯೋಜನೆಯೂ ಕೈಗೆಟುಕುವುದಿಲ್ಲ. ಈ ಒಂದು ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಆಮೇಲೆ ಎಷ್ಟು ಅಲೆದಾಟ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಮಗುವನ್ನು ಈ ಪಟ್ಟಿ ಮಾಡಲು ಕೂರಿಸಬಾರದು. ‘ಅವ್ವ ಬೇಕೋ ಅಪ್ಪ ಬೇಕೋ’ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳಬಾರದು, ಅಜ್ಜ ಅಜ್ಜಿಯರೂ ಕೇಳಬಾರದು.

ಹಣದ ಲೆಕ್ಕ: ಬಾಯಿಮಾತಿನಿಂದ ಕಾಗದಕ್ಕೆ

ತನ್ನ ಮಾಲಿನ ತೂಕ ತನಗೇ ಗೊತ್ತಿಲ್ಲದೆ ಅಮರಗೋಳದ ಎಪಿಎಂಸಿಗೆ ಹೋದ ರೈತ, ಅಲ್ಲಿ ಬೇರೆಯವರು ಹೇಳಿದ ತೂಕವನ್ನೇ ಒಪ್ಪಬೇಕಾಗುತ್ತದೆ. ಜೀವನಾಂಶದ ಮಾತಿಗೂ ಹಾಗೆಯೇ, ಲೆಕ್ಕ ಮನೆಯಲ್ಲಿಯೇ ಆಗಿರಬೇಕು.

ಮೊದಲು ಖರ್ಚು. ಕಳೆದ ಆರು ತಿಂಗಳ ಮನೆ ಬಾಡಿಗೆ, ಕಿರಾಣಿ, ಗ್ಯಾಸ್, ಹೆಸ್ಕಾಂ ಬಿಲ್ಲು, ಶಾಲೆಯ ಶುಲ್ಕ ಮತ್ತು ವ್ಯಾನು, ದವಾಖಾನೆ, ಔಷಧ ಇವನ್ನು ಪಾವತಿಗಳ (ರಸೀದಿಗಳ) ಸಮೇತ ಬರೆದುಕೊಳ್ಳಬೇಕು. ತವರಿನಲ್ಲಿ ಇದ್ದೇನೆ, ಬಾಡಿಗೆ ಇಲ್ಲ ಎಂದು ಸೊನ್ನೆ ಬರೆಯಬಾರದು; ಅಣ್ಣನ ಮನೆಯಲ್ಲಿ ಎಷ್ಟು ವರ್ಷ ಇರಲು ಸಾಧ್ಯ ಎಂಬುದನ್ನೂ ಯೋಚಿಸಿ ಬರೆಯಬೇಕು. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನು, ಅಂದರೆ ಜೂನಿನ ಪುಸ್ತಕ, ಸಮವಸ್ತ್ರ, ಡೊನೇಶನ್ ಇವನ್ನು, ಬೇರೆ ಹಾಳೆಯಲ್ಲಿ ಹಾಕಬೇಕು.

ನಂತರ ಆದಾಯ. ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ರಜನೀಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ, ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣ ಮಾಡಿ ತಿಳಿಸುವ ಅಫಿಡವಿಟ್ ಸಲ್ಲಿಸಬೇಕು. ಆ ತೀರ್ಪಿನಲ್ಲಿ ಕೃಷಿಕರಿಗೆ ಪ್ರತ್ಯೇಕ ನಮೂನೆಯೇ ಇದೆ ಎಂಬುದು ನಮ್ಮ ಜಿಲ್ಲೆಗಳವರು ತಿಳಿದಿರಬೇಕಾದ ಮಾತು: ಎಷ್ಟು ಎಕರೆ, ಎಂಥ ಜಮೀನು, ಯಾವ ಬೆಳೆ, ದನಕರು ಎಷ್ಟು, ಸಾಲ ಎಷ್ಟು ಎಂಬುದನ್ನು ಅದರಲ್ಲಿ ತುಂಬಬೇಕು. ಮಧ್ಯಸ್ಥಿಕೆಗೆ ಹೋಗುವ ಮುನ್ನವೇ ಈ ನಮೂನೆಯನ್ನು ತುಂಬಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಜಮೀನಿನ ಉತಾರ (ಪಹಣಿ), ಸೊಸೈಟಿ ಸಾಲದ ಕಾಗದ, ವಿಮೆ ಪಾಲಿಸಿ ಇವುಗಳ ಝೆರಾಕ್ಸ್ ಒಂದು ಫೈಲಿನಲ್ಲಿರಲಿ.

ಕೃಷಿಯ ಆದಾಯದ ಸ್ವರೂಪವೇ ಬೇರೆ, ಅದನ್ನು ಮಧ್ಯಸ್ಥಿಕೆಯಲ್ಲಿ ಬಿಡಿಸಿ ಹೇಳಲೇಬೇಕು. ಬ್ಯಾಡಗಿ ಸೀಮೆಯ ಮೆಣಸಿನಕಾಯಿ ರೈತನ ಕೈಗೆ ದುಡ್ಡು ಬರುವುದು ಜನವರಿಯಿಂದ ಮಾರ್ಚ್‌ವರೆಗಿನ ಸುಗ್ಗಿಯಲ್ಲಿ. ಬಿತ್ತನೆಯ ಜೂನ್ ಜುಲೈಯಲ್ಲಿ ಅವನೇ ಸಾಲ ಮಾಡಿರುತ್ತಾನೆ. ಅಂಥವನು ಪ್ರತಿ ತಿಂಗಳ ಐದನೇ ತಾರೀಖು ದೊಡ್ಡ ಮೊತ್ತ ಕೊಡುತ್ತೇನೆ ಎಂದು ಒಪ್ಪಿದರೆ ಮೂರನೇ ತಿಂಗಳಿಗೆ ಬಾಕಿ, ಆರನೇ ತಿಂಗಳಿಗೆ ವಾರಂಟು. ಆದರೆ ಮಗುವಿನ ಶಾಲೆ ಸುಗ್ಗಿಗಾಗಿ ಕಾಯುವುದಿಲ್ಲ, ಶುಲ್ಕ ಕಟ್ಟಬೇಕಾದದ್ದು ಜೂನಿನಲ್ಲೇ. ಇಂಥಲ್ಲಿ ತಿಂಗಳಿಗೆ ಸಣ್ಣದೊಂದು ಖಚಿತ ಮೊತ್ತ, ಮಾರ್ಚ್ ಕೊನೆಯೊಳಗೆ ವರ್ಷದ ಉಳಿದ ಮೊತ್ತ, ಅದರಲ್ಲಿಯೇ ಮುಂದಿನ ಜೂನಿನ ಶುಲ್ಕವನ್ನು ಮಗುವಿನ ಖಾತೆಯಲ್ಲಿ ತೆಗೆದಿಡುವುದು ಎಂಬ ವ್ಯವಸ್ಥೆ ಇಬ್ಬರಿಗೂ ನಡೆಯುತ್ತದೆ. ನ್ಯಾಯಾಲಯದ ಆದೇಶದಲ್ಲಿ ಇಷ್ಟು ಹೊಂದಿಕೆ ಸಿಗುವುದು ಅಪರೂಪ. ಮಧ್ಯಸ್ಥಿಕೆಯ ನಿಜವಾದ ಲಾಭ ಇಂಥ ಕಡೆ ಕಾಣುತ್ತದೆ.

ಸಾಲದ ಮಾತನ್ನು ಬಹಳ ಜನ ಮರೆಯುತ್ತಾರೆ. ಮಹಿಳಾ ಸಂಘದಿಂದ ಅಥವಾ ಫೈನಾನ್ಸಿನಿಂದ ಹೆಂಡತಿಯ ಹೆಸರಿನಲ್ಲಿ ಎತ್ತಿದ ಸಾಲ ಗಂಡನ ಮನೆಯ ಬೋರ್‌ವೆಲ್ಲಿಗೋ ನಾದಿನಿಯ ಮದುವೆಗೋ ಹೋಗಿರುತ್ತದೆ. ಆಕೆ ತವರಿಗೆ ಬಂದ ಮೇಲೂ ವಾರದ ಕಂತು ಕೇಳಿ ಬರುವುದು ಆಕೆಯ ಬಾಗಿಲಿಗೇ. ಹಾಗೆಯೇ ಗಂಡನು ಜಾಮೀನುದಾರನಾದ ಸಾಲಗಳೂ ಇರಬಹುದು. ಯಾರ ಹೆಸರಿನಲ್ಲಿ, ಯಾವಾಗ, ಯಾವುದಕ್ಕೆ ಖರ್ಚಾಯಿತು, ಬಾಕಿ ಎಷ್ಟು, ತೀರಿಸುವವರು ಯಾರು ಎಂಬುದು ಪಟ್ಟಿಯಲ್ಲಿರಬೇಕು.

ಬಂಗಾರ ಮತ್ತು ಸಾಮಾನಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮದುವೆಯ ಮುನ್ನ, ಮದುವೆಯಲ್ಲಿ, ನಂತರ ಹೆಣ್ಣಿಗೆ ಕೊಟ್ಟ ಸ್ತ್ರೀಧನ ಆಕೆಯ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಅದು ಜೀವನಾಂಶದ ಭಾಗವಲ್ಲ, ಅದರಲ್ಲಿ ಮುರಿದುಕೊಳ್ಳುವಂತೆಯೂ ಇಲ್ಲ. ಕಷ್ಟವಿರುವುದು ಪುರಾವೆಯಲ್ಲಿ. ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಬೇಕೆಂಬ ನಿಯಮ 1985ರಿಂದಲೂ ಇದ್ದರೂ ಮದುವೆಯ ಗಡಿಬಿಡಿಯಲ್ಲಿ ಯಾರೂ ಅದನ್ನು ಮಾಡಿರುವುದಿಲ್ಲ. ಸರಾಫ ಅಂಗಡಿಯ ಪಾವತಿ, ಆಯೇರು ಬರೆದುಕೊಂಡ ವಹಿ, ಮದುವೆಯ ಆಲ್ಬಮ್ಮಿನಲ್ಲಿ ಆಭರಣ ಕಾಣುವ ಫೋಟೊಗಳು, ಬಂಗಾರ ಒತ್ತೆ ಇಟ್ಟಿದ್ದರೆ ಬ್ಯಾಂಕಿನ ಚೀಟಿ ಇವೇ ಆಧಾರ. ಎಷ್ಟು ತೊಲೆ, ಯಾವ ಆಭರಣ, ಈಗ ಎಲ್ಲಿದೆ ಎಂದು ಒಂದೊಂದನ್ನೇ ಬರೆಯಬೇಕು. ತಿಜೋರಿ, ಮಂಚ, ಭಾಂಡೆ ಸಾಮಾನುಗಳ ಪಟ್ಟಿ ಬೇರೆ ಇರಲಿ. ನಾಲ್ಕು ಪಾತ್ರೆಗಳಿಗಾಗಿ ಇಡೀ ಮಾತುಕತೆ ನಿಲ್ಲದಿರಲಿ.

ಪಿತ್ರಾರ್ಜಿತ ಜಮೀನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಂಡತಿಗೆ ತನ್ನದೇ ಆದ ಪಾಲು ಇರುವುದಿಲ್ಲ. ಆದರೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಬರುತ್ತದೆ, ಮತ್ತು ಅಪ್ರಾಪ್ತ ಮಗುವಿನ ಆ ಹಕ್ಕನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಬಿಟ್ಟುಕೊಡಲು ತಾಯಿಗೂ ತಂದೆಗೂ ಬರುವುದಿಲ್ಲ.

ಬಾಂಡ್ ಪೇಪರಿನ ಸೋಡಚೀಟಿ

ಪಂಚರ ಎದುರು ಬಾಂಡ್ ಪೇಪರಿನ ಮೇಲೆ ‘ಇಂದಿನಿಂದ ನಮ್ಮ ನಡುವೆ ಯಾವ ಸಂಬಂಧವೂ ಇಲ್ಲ’ ಎಂದು ಬರೆದು, ಸಹಿ ಮಾಡಿ, ನೋಟರಿ ಮಾಡಿಸಿದರೆ ವಿಚ್ಛೇದನವಾಯಿತೆಂದು ನಂಬಿದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಮಾನ್ಯ ಮಾಡುತ್ತದಾದರೂ, ಅಂಥ ರೂಢಿ ಆ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಹೇಳುವವರೇ ಸಾಬೀತುಪಡಿಸಬೇಕು. ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಅದನ್ನು ನಂಬಿ ಮಾಡಿಕೊಂಡ ಎರಡನೇ ಮದುವೆಯೂ ತೊಂದರೆಗೆ ಸಿಲುಕುತ್ತದೆ. ಅಂಥ ಸೋಡಚೀಟಿ ನಿಮ್ಮ ಬಳಿ ಇದ್ದರೆ ಅದನ್ನು ಮಧ್ಯಸ್ಥಿಕೆಗೆ ತೆಗೆದುಕೊಂಡು ಹೋಗಿರಿ. ಅದರಲ್ಲಿ ಹಣ ಕೊಟ್ಟ ಉಲ್ಲೇಖವಿದ್ದರೆ ಲೆಕ್ಕಕ್ಕೆ ನೆರವಾಗುತ್ತದೆ.

ಹೊಡೆತ, ಬೆದರಿಕೆ ಇದ್ದ ಮನೆಗಳಲ್ಲಿ

ಒಬ್ಬರು ಇನ್ನೊಬ್ಬರ ಎದುರು ಅಂಜಿಕೆಯಿಂದ ಬಾಯಿ ಬಿಡಲಾಗದಿದ್ದರೆ ಅಲ್ಲಿ ಮಧ್ಯಸ್ಥಿಕೆಗೆ ಅರ್ಥವಿಲ್ಲ. ಇಂಥ ಇತಿಹಾಸವಿದ್ದರೆ ಅದನ್ನು ತಾರೀಖಿನ ಮೊದಲೇ ವಕೀಲರ ಮೂಲಕ ಅಥವಾ ಕೇಂದ್ರದ ಸಿಬ್ಬಂದಿಯ ಮೂಲಕ ಮಧ್ಯಸ್ಥಿಕೆಗಾರರಿಗೆ ತಿಳಿಸಬೇಕು. ಒಂದೇ ಕೋಣೆಯಲ್ಲಿ ಕೂಡದೆ ಬೇರೆಬೇರೆಯಾಗಿಯೇ ಮಾತುಕತೆ ನಡೆಸುವಂತೆ, ಬರುವ ಹೋಗುವ ಸಮಯ ಬೇರೆ ಇರುವಂತೆ ಕೇಳಬಹುದು. ಮಾತುಕತೆಯೇ ಬೇಡ ಎನ್ನುವ ಹಕ್ಕೂ ಹಾಗೆ ಅಂಜಿದವರಿಗಿದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯ ಆದೇಶ, ವಾಸದ ಆದೇಶ ಕೇಳುವುದಕ್ಕೆ ಮಧ್ಯಸ್ಥಿಕೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ತುರ್ತಿದ್ದಾಗ 112, ಮಹಿಳೆಯರಿಗೆ 181 ಸಹಾಯವಾಣಿಗಳಿವೆ.

ಕಾನೂನು ನೆರವಿಗೆ ಹಣವಿಲ್ಲ ಎಂದು ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವಿನ ಹಕ್ಕಿದೆ. ಪರಿಶಿಷ್ಟ ಜಾತಿ ಪಂಗಡದ ಪುರುಷರಿಗೂ, ನಿಗದಿತ ಆದಾಯ ಮಿತಿಯೊಳಗಿನ ಇತರರಿಗೂ ಇದೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕುಗಳಲ್ಲಿ ಸಮಿತಿಗಳಿವೆ, ಸಹಾಯವಾಣಿ ಸಂಖ್ಯೆ 15100.

ಒಪ್ಪಂದ ಬರೆಯುವಾಗ

ಒಪ್ಪಂದದ ಕರಡು ಬಂದಾಗ ದಣಿವಿನಿಂದ ‘ಎಲ್ಲಿ ಸಹಿ ಮಾಡಬೇಕು’ ಎಂದು ಕೇಳುವವರೇ ಹೆಚ್ಚು. ಅಲ್ಲಿ ಒಂದು ಗಂಟೆ ಹೆಚ್ಚು ಕೂಡಬೇಕು. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿಸಿ ಕೇಳಬೇಕು, ಅಥವಾ ಕನ್ನಡದಲ್ಲಿಯೇ ಬರೆಯಲು ಕೇಳಬೇಕು. ‘ಗಂಡನು ಮಗುವಿನ ಖರ್ಚು ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಯಾವ ಕೆಲಸಕ್ಕೂ ಬಾರದು. ಎಷ್ಟು, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ, ತಪ್ಪಿದರೆ ಏನು ಎಂಬುದು ಅಕ್ಷರದಲ್ಲಿರಬೇಕು. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು. ಕೈಯಲ್ಲಿ ಕೊಟ್ಟ ನಗದಿಗೆ ಪಾವತಿ ಇಲ್ಲದೆ, ಕೊಟ್ಟವನೂ ಪಡೆದವಳೂ ಆಮೇಲೆ ಕಷ್ಟಪಡುತ್ತಾರೆ.

ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದ್ದರೆ ಪ್ರಕರಣ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಹೋಗುತ್ತದೆ. ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಒಪ್ಪಿಗೆ ಹೇಳಬೇಕು. ಎಲ್ಲ ವಿಷಯಗಳೂ ನಿಜವಾಗಿ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ. ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಆಗುವವರೆಗೆ ಒಪ್ಪಿಗೆಯನ್ನು ಹಿಂಪಡೆಯುವ ಅವಕಾಶ ಇಬ್ಬರಿಗೂ ಇರುವುದರಿಂದ, ಒಟ್ಟು ಮೊತ್ತವನ್ನು ಹಂತಗಳಲ್ಲಿ ಕೊಡುವ ರೂಢಿಯಿದೆ: ಅರ್ಜಿಯ ದಿನ ಒಂದು ಭಾಗ, ಅಂತಿಮ ಒಪ್ಪಿಗೆಯ ದಿನ ಡಿಡಿ ರೂಪದಲ್ಲಿ ಉಳಿದದ್ದು.

ಕ್ರಿಮಿನಲ್ ಪ್ರಕರಣವಿದ್ದರೆ ಇನ್ನೊಂದು ಹೆಜ್ಜೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಂಡತಿಗೆ ಗಂಡ ಅಥವಾ ಅವನ ಸಂಬಂಧಿಕರು ಕೊಡುವ ಕಿರುಕುಳದ ಅಪರಾಧ, ಅಂದರೆ ಹಿಂದಿನ ದಂಡ ಸಂಹಿತೆಯ 498-ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ಕೆಳಗಿನ ನ್ಯಾಯಾಲಯದಲ್ಲಿ ರಾಜಿಯಿಂದಷ್ಟೇ ಮುಗಿಯುವ ಅಪರಾಧವಲ್ಲ. ಒಪ್ಪಂದದ ನಂತರ ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಅರ್ಜಿ ಹಾಕಬೇಕು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳವರಿಗೆ ಅದು 2013ರಲ್ಲಿ ಕಾಯಂ ಆದ ಧಾರವಾಡ ಪೀಠ. ಆ ಅರ್ಜಿಗೆ ಯಾರು ಸಹಕರಿಸಬೇಕು, ಎಷ್ಟು ದಿನದೊಳಗೆ, ಖರ್ಚು ಯಾರದು ಎಂಬುದನ್ನೂ ಒಪ್ಪಂದದಲ್ಲಿ ಬರೆಯಬೇಕು. ಎರಡೂ ಕಡೆಯ ಎಲ್ಲ ಪ್ರಕರಣಗಳ ಸಂಖ್ಯೆಗಳನ್ನು ತಪ್ಪಿಲ್ಲದೆ ನಮೂದಿಸಬೇಕು. ಒಂದು ಬಿಟ್ಟುಹೋದರೂ ಅದು ಮುಂದುವರಿಯುತ್ತದೆ.

ಒಪ್ಪಂದವಾಗದಿದ್ದರೆ, ಆಗಿ ಮುರಿದರೆ

ಒಪ್ಪಂದವಾಗದಿದ್ದರೆ ಪ್ರಕರಣ ಬಿಟ್ಟ ಹಂತದಿಂದಲೇ ನ್ಯಾಯಾಲಯದಲ್ಲಿ ಮುಂದುವರಿಯುತ್ತದೆ, ಯಾರ ಹಕ್ಕೂ ಕಡಿಮೆಯಾಗುವುದಿಲ್ಲ. ಕೆಲವೊಮ್ಮೆ ಮಕ್ಕಳ ಭೇಟಿಯ ವಿಷಯ ಮಾತ್ರ ಒಪ್ಪಿಗೆಯಾಗಿ ಹಣದ ವಿಷಯ ಉಳಿದುಕೊಳ್ಳುತ್ತದೆ. ಆದಷ್ಟನ್ನು ಬರೆದು ದಾಖಲಿಸಿ, ಉಳಿದದ್ದನ್ನು ನ್ಯಾಯಾಧೀಶರಿಗೆ ಬಿಡಬಹುದು. ಮುಂದೆ ಮನಸ್ಸು ಬದಲಾದರೆ ಮತ್ತೆ ಮಧ್ಯಸ್ಥಿಕೆಗೆ ಕಳುಹಿಸಲು ಕೇಳಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಒಪ್ಪಂದವಾಗಿ ನ್ಯಾಯಾಲಯ ಅದನ್ನು ಒಪ್ಪಿ ಡಿಕ್ರಿ ಮಾಡಿದ ಮೇಲೆ ಒಬ್ಬರು ಮಾತು ತಪ್ಪಿದರೆ, ಹೊಸ ಮೊಕದ್ದಮೆ ಹೂಡಬೇಕಾಗಿಲ್ಲ. ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿಗೆ ತರಿಸಿಕೊಡಿ ಎಂಬ ಅರ್ಜಿ, ಹಾಕಬಹುದು. ಅದಕ್ಕಾಗಿ ಒಪ್ಪಂದದ ಮತ್ತು ಡಿಕ್ರಿಯ ದೃಢೀಕೃತ ನಕಲುಗಳನ್ನು ಪಡೆದು, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ನಂಬಿಕೆಯವರ ಬಳಿ ಇಡಬೇಕು.